ಅಲ್ಲಿ ಮಳಿ ಹ್ಯಾಂಗ ಅದ?

ಜೂನ್ ತಿಂಗಳ ಮೊದಲ ವಾರ ಕಳೆದು ಮಿರಗ ಕೂಡಿತೆಂದರೆ ಊರಿನಿಂದ ಅವ್ವನ ಫೋನು ಬರುತ್ತದೆ. ಮೊಮ್ಮಕ್ಕಳ ಓದು, ಸೊಸೆಯ ಮೊಣಕಾಲು ನೋವು, ನನ್ನ ರಕ್ತದೊತ್ತಡ ಎಲ್ಲವೂ ಆಮೇಲಿನ ಮಾತು. ಮೊದಲನೆಯದು ಯಾವಾಗಲೂ ಒಂದೇ: "ಅಲ್ಲಿ ಮಳಿ ಹ್ಯಾಂಗ ಅದಪಾ?"

ಅವಳಿರುವುದು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಯ ಒಂದು ಸಣ್ಣ ಊರಿನಲ್ಲಿ. ನಾನಿರುವುದು ಪುಣೆಯಲ್ಲಿ, ಮುಠಾ ನದಿಯ ಮೇಲಿನ ರಾಜಾರಾಮ್ ಸೇತುವೆಗೆ ಹತ್ತು ನಿಮಿಷದ ನಡಿಗೆಯಲ್ಲಿ. ನಡುವೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಹೊರನಾಡಿನಲ್ಲಿರುವ ಮಗನನ್ನು ಕೇಳಲು ತಾಯಿಗೆ ಬೇರೇನೂ ತೋಚದೆ ಮಳೆಯ ಮಾತೆತ್ತುತ್ತಾಳೆಂದು ನಾನು ಬಹಳ ವರ್ಷ ತಿಳಿದಿದ್ದೆ. ಅದು ಕುಶಲ ಪ್ರಶ್ನೆಯಲ್ಲವೆಂದು ಅರಿವಾಗಲು ನನಗೆ ಮೂವತ್ತು ವರ್ಷ ಬೇಕಾಯಿತು.

ನಾನು ಪುಣೆಗೆ ಬಂದದ್ದು 1989ರ ಜೂನಿನಲ್ಲಿ, ಬ್ಯಾಂಕೊಂದರ ಗುಮಾಸ್ತನಾಗಿ. ಆಗಿನ ಗುಲಬರ್ಗಾದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದಾಗ ಅಂಗಿ ಬೆನ್ನಿಗೆ ಅಂಟಿತ್ತು. ಪುಣೆಯಲ್ಲಿ ಇಳಿದಾಗ ಸಣ್ಣಗೆ ಹನಿಯುತ್ತಿತ್ತು. ನಾರಾಯಣ ಪೇಟೆಯ ಹಳೆಯ ವಾಡೆಯೊಂದರ ಒಡತಿ, ಎಲ್ಲರೂ ಆಜಿ ಎಂದೇ ಕರೆಯುತ್ತಿದ್ದ ವೃದ್ಧೆ, ಊರು ಯಾವುದೆಂದು ವಿಚಾರಿಸಿದರು. ಅಫಜಲಪುರವೆಂದರೆ ಅವರಿಗೆ ತಿಳಿಯಲಿಲ್ಲ. ಗಾಣಗಾಪುರದ ಬಳಿ ಎಂದೆ. ಕೂಡಲೇ ಅವರ ಮುಖ ಅರಳಿತು. ದತ್ತಮಹಾರಾಜರ ಊರಿನ ಕಡೆಯ ಹುಡುಗನಿಗೆ ಮುಂಗಡದ ಮಾತಿಲ್ಲದೆಯೇ ಮಾಳಿಗೆಯ ಕೋಣೆ ಸಿಕ್ಕಿತು.

ಆ ಕೋಣೆಗೆ ತಗಡಿನ ಛಾವಣಿ. ಅದರ ಕೆಳಗೆ ಮಲಗಿ ಕೇಳಿದ ಮಳೆ ನನ್ನ ಪಾಲಿಗೆ ಹೊಸದು. ನಮ್ಮ ಕಡೆಯ ಮಳೆಗೆ ಒಂದು ಸಿಟ್ಟಿದೆ. ಮಧ್ಯಾಹ್ನವೆಲ್ಲ ಕುದಿದು, ಸಂಜೆಗೆ ಮೂಡಣದಲ್ಲಿ ಕಪ್ಪಾಗಿ, ಧೂಳೆಬ್ಬಿಸಿ, ಸಿಡಿಲು ಬಡಿದು, ಒಂದು ಗಳಿಗೆಯಲ್ಲಿ ಹಳ್ಳ ತುಂಬಿಸಿ ಹೊರಟುಬಿಡುತ್ತದೆ. ಮರುದಿನ ಎರೆಹೊಲದಲ್ಲಿ ಕಾಲಿಟ್ಟರೆ ಎರಡು ಸೇರು ಮಣ್ಣು ಕಾಲಿಗೆ ಮೆತ್ತುತ್ತದೆ. ಅದರ ಮರುದಿನ ಮತ್ತೆ ಬಿಸಿಲು. ಪುಣೆಯ ಮಳೆಯೋ ಬೀಗರ ಮನೆಗೆ ಬಂದ ಮುದುಕನಂತೆ ಬಂದು ಕುಳಿತರೆ ಏಳುವುದೇ ಇಲ್ಲ. ಸದ್ದಿಲ್ಲ, ಸಿಡಿಲಿಲ್ಲ, ಜಿಟಿಜಿಟಿ. ಜುಲೈ ತಿಂಗಳಲ್ಲಿ ಹದಿನೈದು ದಿನ ಬಿಸಿಲಿನ ಮುಖ ಕಾಣಲಿಲ್ಲ. ಅಂಗಿ ಒಣಗದು, ಬೆಂಕಿಪೆಟ್ಟಿಗೆ ಹತ್ತದು, ಚರ್ಮದ ಚೀಲಕ್ಕೆ ಬೂಸು. ಆದರೂ ಆ ತಂಪಿಗೆ ನಾನು ಮರುಳಾದೆ. ನಲವತ್ತೆರಡು ಡಿಗ್ರಿಯ ಬಿಸಿಲು ಉಂಡು ಬೆಳೆದವನಿಗೆ ಜುಲೈ ಮಧ್ಯಾಹ್ನ ಹೊದಿಕೆ ಹೊದ್ದು ಮಲಗುವುದೇ ಒಂದು ಶ್ರೀಮಂತಿಕೆ.

ಊರಿಗೆ ಬರೆದ ಮೊದಲ ಪತ್ರದ ತುಂಬ ಇದೇ ವರ್ಣನೆಯಿತ್ತು. ಅಪ್ಪ ಅಂಚೆ ಕಾರ್ಡಿನಲ್ಲಿ ಎರಡೇ ಸಾಲು ಉತ್ತರಿಸಿದ್ದರು: ಅಲ್ಲಿ ಮಳೆ ಚಲೋ ಆಗಿದೆಯೆಂದು ತಿಳಿದು ಸಂತೋಷ; ಉಜನಿ ತುಂಬಿತೆಂದು ಪತ್ರಿಕೆಯಲ್ಲಿ ಬಂದರೆ ಕೂಡಲೇ ತಿಳಿಸುವುದು. ಆ ಎರಡನೆಯ ಸಾಲನ್ನು ನಾನು ಓದಿದೆ, ಅಷ್ಟೆ.

ವಾಡೆಯ ಕೆಳಗಿನ ಕೋಣೆಯಲ್ಲಿ ಹವಾಮಾನ ಇಲಾಖೆಯಿಂದ ನಿವೃತ್ತರಾದ ಒಬ್ಬ ಕಾಕಾ ಇದ್ದರು. ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟುಕೊಂಡು, ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಅಳೆದು ವಹಿಯಲ್ಲಿ ಬರೆಯುತ್ತಿದ್ದರು. ದೇಶದ ಎಲ್ಲ ವೀಕ್ಷಣಾಲಯಗಳಲ್ಲಿ ಮಳೆ ಅಳೆಯುವ ಹೊತ್ತು ಅದೇ ಎಂಬುದು ಅವರ ಹೆಮ್ಮೆ. ಎರಡೂವರೆ ಮಿಲಿಮೀಟರ್ ಆಗದಿದ್ದರೆ ಅದನ್ನು ಮಳೆಯ ದಿನವೆಂದೇ ಅವರು ಒಪ್ಪುತ್ತಿರಲಿಲ್ಲ. ಪುಣೆಯ ಮಳೆಯ ಮುಂದೆ ನಮ್ಮೂರ ಮಳೆ ಎಷ್ಟರದು ಎಂದು ನಾನೊಮ್ಮೆ ಹೇಳಿದಾಗ ಅವರು ನಕ್ಕರು. "ನಿಮ್ಮ ಗುಲಬರ್ಗಾಕ್ಕೂ ನಮ್ಮ ಪುಣೆಗೂ ವರ್ಷದ ಮಳೆಯಲ್ಲಿ ದೊಡ್ಡ ಅಂತರವೇನಿಲ್ಲ" ಎಂದರು. ನಾನು ನಂಬಲಿಲ್ಲ. ಅವರು ಹಳೆಯ ಪುಸ್ತಕ ತೆರೆದು ತೋರಿಸಿದರು. ಎರಡೂ ಊರುಗಳು ಏಳುನೂರು-ಎಂಟುನೂರು ಮಿಲಿಮೀಟರಿನ ನಡುವೆಯೇ ಇದ್ದವು. ಇಲ್ಲಿ ಜುಲೈ ತಿಂಗಳಲ್ಲಿ ಹೆಚ್ಚು, ಅಲ್ಲಿ ಸೆಪ್ಟೆಂಬರಿನಲ್ಲಿ ಹೆಚ್ಚು. ಇಲ್ಲಿ ಹಲವು ದಿನಕ್ಕೆ ಹಂಚಿ ಬೀಳುವುದು ಅಲ್ಲಿ ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ. ಒಂದೇ ಸಂಬಳವನ್ನು ಒಬ್ಬ ದಿನಗೂಲಿಯಾಗಿ, ಇನ್ನೊಬ್ಬ ಇಡುಗಂಟಾಗಿ ಪಡೆದಂತೆ.

ನಿಜವಾದ ಮಳೆ ಇರುವುದು ಪಶ್ಚಿಮಕ್ಕೆ. ಕಡಲಿನಿಂದ ಬಂದ ಮೋಡಗಳು ಸಹ್ಯಾದ್ರಿಯನ್ನು ಏರುವಾಗ ತಣಿದು ತಮ್ಮ ಹೊರೆಯನ್ನೆಲ್ಲ ಅಲ್ಲಿಯೇ ಇಳಿಸಿಬಿಡುತ್ತವೆ. ಲೋಣಾವಳದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು. ಅಲ್ಲಿಂದ ಅರವತ್ತು-ಎಪ್ಪತ್ತು ಕಿಲೋಮೀಟರು ಪೂರ್ವಕ್ಕೆ ಬರುವಷ್ಟರಲ್ಲಿ ಅದರ ಐದಾರರಲ್ಲೊಂದು ಪಾಲು ಉಳಿದಿರುತ್ತದೆ; ಅದೇ ಪುಣೆಯ ಪಾಲು. ಇನ್ನೂ ಪೂರ್ವಕ್ಕೆ, ದೌಂಡ-ಬಾರಾಮತಿಗಳ ಕಡೆಗೆ ಹೋದರೆ ಅದೂ ಇಲ್ಲ. ಮಳೆನೆರಳು ಎಂಬ ಮಾತನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅಂಚಿನಲ್ಲಿ ನಿಂತದ್ದು ಪುಣೆಗೆ ಬಂದ ಮೇಲೆ. ಕಾಕಾ ಒಂದು ಮಾತು ಸೇರಿಸಿದರು: "ಈ ಊರಿನ ಮಳೆ ಊರಿಗೆ ಸಾಲದು. ಈ ಊರು ಕುಡಿಯುವುದು ಘಟ್ಟದ ಮಳೆಯನ್ನು." ಖಡಕವಾಸಲಾ, ಪಾನಶೇತ್, ವರಸಗಾಂವ್, ಟೇಮಘರ್ ಎಂಬ ನಾಲ್ಕು ಅಣೆಕಟ್ಟುಗಳಲ್ಲಿ ನಿಂತದ್ದೇ ನಮ್ಮ ನಲ್ಲಿಯಲ್ಲಿ ಬರುವ ನೀರು.

ಆಜಿಗೆ ಅಣೆಕಟ್ಟಿನ ಮಾತು ಹಿಡಿಸದು. 1961ರ ಜುಲೈ 12ರಂದು ಪಾನಶೇತ್ ಒಡೆದಾಗ ನದೀದಂಡೆಯ ಪೇಟೆಗಳೆಲ್ಲ ಮುಳುಗಿದ್ದವು. ವಾಡೆಯ ಬಾಗಿಲ ಮೇಲೆ ಮಸುಕಾದ ಗೆರೆಯೊಂದನ್ನು ಅವರು ನನಗೆ ಬೆರಳಿಟ್ಟು ತೋರಿಸಿದ್ದರು. "ಮಳೆಯೇ ಇಲ್ಲದ ಹೊತ್ತಿನಲ್ಲಿ ನೀರು ಬಂತು" ಎಂದು ಪ್ರತಿ ಸಲವೂ ಹೇಳುವರು. ಮಳೆ ಬೀಳುವ ಜಾಗ ಬೇರೆ, ನೀರು ಬರುವ ಜಾಗ ಬೇರೆ. ಈ ಪಾಠವನ್ನೂ ನಾನು ಆಗ ಕಲಿಯಲಿಲ್ಲ.

ಶಿವಾಜಿನಗರದ ಹವಾಮಾನ ಕಚೇರಿಯ ಎದುರಿನ ಬಸ್ ನಿಲ್ದಾಣಕ್ಕೆ ಸಿಮ್ಲಾ ಆಫೀಸ್ ಎಂದು ಹೆಸರು. ಹಿಮಾಲಯದ ಊರಿನ ಹೆಸರು ಇಲ್ಲಿಗೇಕೆ ಬಂತೆಂದು ಹೊಸಬರೆಲ್ಲ ಬೆರಗಾಗುತ್ತಾರೆ. ಭಾರತದ ಹವಾಮಾನ ಇಲಾಖೆಯ ಪ್ರಧಾನ ಕಚೇರಿ ಸಿಮ್ಲಾದಲ್ಲಿತ್ತು. 1928ರಲ್ಲಿ ಅದು ಪುಣೆಗೆ, ಗಡಿಯಾರದ ಗೋಪುರವಿರುವ ಈ ಕಲ್ಲಿನ ಕಟ್ಟಡಕ್ಕೆ ಬಂತು. ಪ್ರಧಾನ ಕಚೇರಿ ಮುಂದೆ ದಿಲ್ಲಿಗೆ ಹೋದರೂ ಹೆಸರು ಉಳಿಯಿತು, ಕೆಲಸವೂ ಬಹಳಷ್ಟು ಉಳಿಯಿತು. ಉಷ್ಣವಲಯದ ಹವೆಯನ್ನು ಅಭ್ಯಸಿಸುವ ಸಂಸ್ಥೆಯೊಂದು 1962ರಲ್ಲಿ ಇದೇ ಊರಿನಲ್ಲಿ ಹುಟ್ಟಿತು. ದೇಶದ ಮುಂಗಾರಿನ ಜಾತಕ ಬರೆಯುವವರ ಊರಿಗೇ ನಾನು ಬಂದು ಸೇರಿದ್ದೆ.

ನನ್ನ ಅವ್ವನಿಗೆ ಈ ಯಾವ ಕಚೇರಿಯೂ ಗೊತ್ತಿಲ್ಲ. ಅವಳ ಪಂಚಾಂಗದಲ್ಲಿ ಮಳೆಗೆ ಹೆಸರುಗಳಿವೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ. ಮಘೆಯ ಮಳೆ ಬಂದಷ್ಟೂ ಚೆಂದ, ಮನೆಮಗ ಉಂಡಷ್ಟೂ ಚೆಂದ. ಚಿತ್ತೆ ಮಾತ್ರ ಕುರುಡು; ಎತ್ತ ಎರಚೀತೆಂದು ಹೇಳಬರುವುದಿಲ್ಲ. ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇವನ್ನೆಲ್ಲ ಹಳ್ಳಿಯವರ ಮೂಢನಂಬಿಕೆಯೆಂದು ನಾನು ಬದಿಗಿಟ್ಟಿದ್ದೆ. ಆ ಅಭಿಪ್ರಾಯ ಸಡಿಲಾದದ್ದು ಸುಲೋಚನಾ ಗಾಡ್ಗೀಳರ ಕೆಲಸದ ಬಗ್ಗೆ ಓದಿದಾಗ. ಅವರು 1944ರಲ್ಲಿ ಹುಟ್ಟಿದ್ದು ಪುಣೆಯಲ್ಲಿ, ಬದುಕಿನ ಬಹುಪಾಲು ಮುಂಗಾರನ್ನು ಅಭ್ಯಸಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಷ್ಟು ದೊಡ್ಡ ವಿಜ್ಞಾನಿ ಪಾವಗಡದ ಶೇಂಗಾ ರೈತರ ಅನುಭವಕ್ಕೆ ಕಿವಿಗೊಟ್ಟು, ಅವರ ಬಿತ್ತನೆಯ ಕಾಲವನ್ನು ಹಲವು ದಶಕಗಳ ಮಳೆಯ ದಾಖಲೆಯೊಡನೆ ಇಟ್ಟು ನೋಡಿದರು. ಹೊಲದವರ ಪ್ರಶ್ನೆಯೇ ಶಾಸ್ತ್ರದ ಪ್ರಶ್ನೆಯಾಗಬಹುದೆಂದು ನನಗೆ ತೋರಿಸಿಕೊಟ್ಟವರು ಅವರು. ನನ್ನ ಊರು ಪುಣೆಯ ಕೆಳಗಿದೆ. ಅವರ ಹಾದಿ ಪುಣೆಯಿಂದ ಕನ್ನಡನಾಡಿಗೆ ಇಳಿಯಿತು.

ಮೂವತ್ತು ವರ್ಷಗಳಲ್ಲಿ ಇಲ್ಲಿನ ಋತುಗಳು ಮೈಗೆ ಹತ್ತಿದವು. ಏಪ್ರಿಲ್ ಇಲ್ಲಿನ ಅತಿ ಬಿಸಿಯ ತಿಂಗಳುಗಳಲ್ಲೊಂದು; ಆದರೆ ಸಂಜೆಯಾಗುತ್ತಲೇ ಘಟ್ಟದ ಸಂದುಗಳಿಂದ ಕಡಲಗಾಳಿ ನುಗ್ಗಿ ಬರುತ್ತದೆ. ಹಗಲೆಲ್ಲ ಬೈದ ಊರನ್ನು ರಾತ್ರಿ ಕ್ಷಮಿಸಿಬಿಡಬಹುದು. ಕಲಬುರಗಿಗೆ ಅಂತಹ ಗಾಳಿಯಿಲ್ಲ. ಅಲ್ಲಿ ಬಂಡೆಗಳು ನಡುರಾತ್ರಿಯವರೆಗೂ ಕಾವು ಉಸಿರಾಡುತ್ತವೆ. ಮೇ ತಿಂಗಳ ಗುಡುಗುಮಳೆಗೆ ಇಲ್ಲಿನವರು ವಳೀವ ಎನ್ನುತ್ತಾರೆ. ಅದು ಥೇಟು ನಮ್ಮೂರ ಮಳೆ. ಬಂದಾಗ ನಾನು ಮಾಳಿಗೆಗೆ ಓಡುತ್ತೇನೆ. ಮಿರಗದ ಹೆಸರಂತೂ ಎರಡೂ ಕಡೆ ಒಂದೇ. ಆಷಾಢದ ಮೊದಲು ಜ್ಞಾನೋಬಾ-ತುಕಾರಾಮರ ಪಾಲಕಿಗಳು ಊರೊಳಗೆ ಬಂದು, ಲಕ್ಷಾಂತರ ವಾರಕರಿಗಳು ನೆನೆಯುತ್ತಲೇ ಪಂಢರಪುರದ ಹಾದಿ ಹಿಡಿಯುತ್ತಾರೆ. ಮಳೆ ಮುಗಿದ ಮೇಲೆ ಅಕ್ಟೋಬರಿನ ಉರಿ. ಅದು ಕಳೆದರೆ ಚಳಿ. ಡಿಸೆಂಬರಿನಲ್ಲಿ ಪುಣೆಯವರು ಕಾರು ಹತ್ತಿ ಹೊಲಗಳಿಗೆ ಹೋಗಿ ಎಳೆಜೋಳದ ತೆನೆ ಸುಟ್ಟು, ಹುರ್ಡಾ ಎಂದು ದುಡ್ಡು ಕೊಟ್ಟು ತಿನ್ನುತ್ತಾರೆ. ನಮ್ಮಲ್ಲಿ ಅದು ಬೆಳಸಿ. ಹೊಲದ ಬದುವಿನಲ್ಲಿ ಕುಳಿತು ಅಂಗೈಯಲ್ಲಿ ತಿಕ್ಕಿ ಊದಿ ತಿನ್ನಲು ಯಾರೂ ದುಡ್ಡು ಕೇಳುತ್ತಿರಲಿಲ್ಲ. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಹೋಗಲಾಗದ ವರ್ಷ ನಾನೂ ಒಮ್ಮೆ ದುಡ್ಡು ಕೊಟ್ಟು ಹುರ್ಡಾ ತಿಂದು ಬಂದೆ. ರುಚಿ ಅದೇ ಇತ್ತು.

ಇಷ್ಟೆಲ್ಲ ಕಂಡವನಿಗೆ ಕಾಣದೆ ಹೋದದ್ದು ಒಂದೇ: ಹೊಳೆ. ಮುಠೆ ಪುಣೆಯಲ್ಲಿ ಮುಳೆಯನ್ನು ಸೇರಿ, ಮುಳಾ-ಮುಠಾ ಮುಂದೆ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿಯಲ್ಲಿ ನಿಂತು, ಕೆಳಗೆ ನೀರೆಯನ್ನು ಕೂಡಿಕೊಂಡು, ಪಂಢರಪುರದಲ್ಲಿ ಚಂದ್ರಭಾಗೆಯಾಗಿ, ಸೊಲ್ಲಾಪುರ-ವಿಜಯಪುರಗಳ ಗಡಿಯಾಗಿ ಹರಿದು ನಮ್ಮ ತಾಲ್ಲೂಕಿಗೆ ಬರುತ್ತದೆ. ಸೊನ್ನ, ಗಾಣಗಾಪುರ, ಸನ್ನತಿಗಳನ್ನು ದಾಟಿ ರಾಯಚೂರಿನ ಬಳಿ ಕೃಷ್ಣೆಗೆ ಸೇರುತ್ತದೆ. ನಾನು ಊರಿಗೆ ಹೋಗುವ ರೈಲೂ ಭಿಗವಣದ ಬಳಿ ಉಜನಿಯ ಹಿನ್ನೀರನ್ನು ತೋರಿಸಿಯೇ ಮುಂದೆ ಸಾಗುತ್ತದೆ. ಚಳಿಗಾಲದಲ್ಲಿ ಅಲ್ಲಿ ರಾಜಹಂಸಗಳಿಳಿದಿರುತ್ತವೆ. ಕಿಟಕಿಯಿಂದ ಮಕ್ಕಳಿಗೆ ತೋರಿಸುತ್ತಿದ್ದೆ. ಆ ನೀರಿನಲ್ಲಿ ನಮ್ಮ ಮನೆಯ ಮುಂದಿನ ಮಳೆಯೂ ಇದೆ, ನಮ್ಮ ಬಚ್ಚಲ ನೀರೂ ಇದೆ, ಅದು ಅವ್ವನ ಕಡೆಗೆ ಹೊರಟಿದೆ ಎಂದು ಒಮ್ಮೆಯೂ ಹೊಳೆಯಲಿಲ್ಲ.

ಅವ್ವನಿಗೆ ಅದು ಮೊದಲಿನಿಂದಲೂ ಗೊತ್ತಿತ್ತು. ಜೂನ್-ಜುಲೈಗಳಲ್ಲಿ ಪುಣೆಯಲ್ಲಿ ಮಳೆಯಾದರೆ ಅವಳಿಗೆ ಸಂತೋಷ, ಏಕೆಂದರೆ ಉಜನಿ ತುಂಬಬೇಕು. ಅದು ಸಣ್ಣ ಹೊಟ್ಟೆಯಲ್ಲ. ನೂರ ಹದಿನೇಳು ಟಿಎಂಸಿ ನೀರು ಹಿಡಿಯುತ್ತದೆ. ಅದು ತುಂಬದ ವರ್ಷ ಬೇಸಿಗೆಗೆ ನಮ್ಮೂರ ಹೊಳೆ ಮರಳಾಗುತ್ತದೆ. ಉಜನಿಯಿಂದ ಭೀಮೆಗೆ ನೀರು ಬಿಡಿರೆಂದು ಅಫಜಲಪುರದಲ್ಲಿ ಧರಣಿಗಳಾಗುತ್ತವೆ. ಆದರೆ ಅದು ತುಂಬಿದ ದಿನದಿಂದ ಅದೇ ಮಳೆ ಹೆದರಿಕೆಯಾಗುತ್ತದೆ. ಆ ಮೇಲೆ ಇಲ್ಲಿ ಬಿದ್ದದ್ದು ಅಲ್ಲಿ ನಿಲ್ಲುವುದಿಲ್ಲ. ಅಪ್ಪನ ಕಾರ್ಡಿನ ಎರಡನೆಯ ಸಾಲು ಇದೇ ಆಗಿತ್ತು.

2020ರ ಅಕ್ಟೋಬರ್. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು 13ರ ಬೆಳಿಗ್ಗೆ ಕಾಕಿನಾಡದ ಬಳಿ ನೆಲಕ್ಕೆ ಬಂತು. ಸಾಮಾನ್ಯವಾಗಿ ಇಂತಹವು ಒಳನಾಡಿನಲ್ಲಿ ಬೇಗ ಸೊರಗುತ್ತವೆ. ಇದು ಸೊರಗದೆ ಪಶ್ಚಿಮಕ್ಕೆ ನಡೆಯಿತು. ಹೈದರಾಬಾದನ್ನು ಮುಳುಗಿಸಿತು, ಕಲಬುರಗಿಯ ಮೇಲೆ ಸುರಿಯಿತು, ಸೊಲ್ಲಾಪುರವನ್ನು ದಾಟಿ 14ರ ರಾತ್ರಿ ಪುಣೆಗೆ ಬಂತು. ಅದು ಚಿತ್ತೆಯ ಮಳೆಯ ಕಾಲ. ಆ ರಾತ್ರಿ ನಾವು ದೀಪ ಆರಿಸಿ ಬಾಲ್ಕನಿಯಲ್ಲಿ ಕುಳಿತು ಮಿಂಚು ನೋಡಿದೆವು. ಕೊರೊನಾದ ತಿಂಗಳುಗಳಲ್ಲಿ ಮನೆಯೊಳಗೇ ಕೊಳೆತಿದ್ದ ಮಕ್ಕಳಿಗೆ ಅದೊಂದು ಹಬ್ಬ. ಹೆಂಡತಿ ಈರುಳ್ಳಿ ಭಜ್ಜಿ ಕರಿದಳು. ನಾನು ಮಳೆಯ ವಿಡಿಯೊ ತೆಗೆದು ತಮ್ಮನಿಗೆ ಕಳಿಸಿದೆ. ಕೆಳಗೆ "ಅಬ್ಬಾ, ಏನು ಮಳೆ!" ಎಂದು ಬರೆದೆ.

ತಮ್ಮ ಉತ್ತರಿಸಲಿಲ್ಲ. ಮರುದಿನ ಸಂಜೆ ಅವನ ಫೋನು ಬಂತು. ಮೇಲೆ ಸುರಿದ ಮಳೆಗೇ ಊರಿನ ಹಳ್ಳಗಳು ಉಕ್ಕಿದ್ದವು. ಈಗ ಉಜನಿಯ ನೀರೂ ನೀರೆಯ ನೀರೂ ಸೇರಿ ಬರುತ್ತಿದ್ದವು. ಊರು ಬಿಡಿರೆಂದು ಡಂಗುರ ಸಾರಿದ್ದರು. ಮೋಡ ಅವರ ಮೇಲೆ ಸುರಿದು ನನ್ನ ಕಡೆ ಬಂದಿತ್ತು. ನಮ್ಮ ಮೇಲೆ ಸುರಿದದ್ದು ಹೊಳೆಯಾಗಿ ಮತ್ತೆ ಅವರ ಕಡೆಗೇ ಹೊರಟಿತ್ತು. ಒಂದೇ ಮಳೆ ಅವರನ್ನು ಎರಡು ಸಲ ಹೊಡೆಯಿತು. ಎರಡನೆಯ ಏಟು ನನ್ನ ಬಾಲ್ಕನಿಯ ಮುಂದಿನಿಂದ ಹೋಗುವಾಗ ನಾನು ಭಜ್ಜಿ ತಿನ್ನುತ್ತ ಅದರ ಚಿತ್ರ ತೆಗೆದಿದ್ದೆ.

ಅವ್ವನನ್ನು ಎತ್ತರದ ಶಾಲೆಯೊಂದರ ಕಾಳಜಿ ಕೇಂದ್ರಕ್ಕೆ ಸಾಗಿಸಿದರು. ನಾಲ್ಕು ದಿನ ಅವಳ ದನಿ ಕೇಳಲಾಗಲಿಲ್ಲ. ಕರೆಂಟಿಲ್ಲದೆ ಮೊಬೈಲುಗಳೆಲ್ಲ ಸತ್ತಿದ್ದವು. ರೈಲುಗಳು ಎಂದಿನಂತೆ ಓಡುತ್ತಿರಲಿಲ್ಲ. ರಸ್ತೆ ಸೇತುವೆಗಳು ಮುಳುಗಿದ್ದವು. ಹೋಗಿ ಮಾಡುವುದೇನೆಂದು ತಮ್ಮ ಗದರಿದ. ಹೂವಿಗೆ ಬಂದಿದ್ದ ನಾಲ್ಕು ಎಕರೆ ತೊಗರಿ ಐದು ದಿನ ನೀರಿನಲ್ಲಿ ನಿಂತು ಕರಿಗಟ್ಟಿತು. ಮನೆಯ ಹಿಂದಿನ ಗೋಡೆ ಕುಸಿಯಿತು. ಜೋಳದ ಚೀಲಗಳು ನೆನೆದು ಮೊಳೆತವು. ಜೀವಹಾನಿಯೇನೂ ಆಗಲಿಲ್ಲ.

ಐದನೆಯ ದಿನ ಅವ್ವ ಮಾತಾಡಿದಳು. ಅಳುತ್ತಾಳೆಂದು ನಾನು ಧೈರ್ಯದ ಮಾತು ಹೊಂದಿಸಿಕೊಂಡಿದ್ದೆ. ಅವಳು ಕೇಳಿದ್ದು ಅದೇ: "ಅಲ್ಲಿ ಮಳಿ ಹ್ಯಾಂಗ ಅದಪಾ? ನಿಂತದೇನು?"

ನಿಂತಿದೆ ಎಂದೆ. "ನಿಂತದಂದ್ರ ಸಾಕು. ಇನ್ನ ನಾಕ ದಿನದಾಗ ಇಲ್ಲೂ ಇಳೀತದ" ಎಂದಳು. ತೊಗರಿ ಹೋಯಿತಲ್ಲ ಎಂದು ನಾನೇ ಅತ್ತೆ. "ತೊಗರಿ ಹ್ವಾದ್ರ ಹೋಗ್ಲಿ, ಹಸಿ ಅದ, ಕಡ್ಲಿ ಬಿತ್ತತೀವಿ" ಎಂದಳು. ನೀರಿಳಿದ ಮೇಲೆ ನಿಜವಾಗಿಯೂ ಕಡಲೆ ಬಿತ್ತಿದರು. ಆ ವರ್ಷದ ಸಾಲ ತೀರಲು ಮಾತ್ರ ಮೂರು ವರ್ಷವಾಯಿತು. ಮನೆಯ ಗೋಡೆ ನಾನು ಕಟ್ಟಿಸಿಕೊಟ್ಟೆ. ಅದನ್ನು ಉಪಕಾರವೆಂದು ತಮ್ಮ ಹೇಳಿದಾಗ ನಾಚಿಕೆಯಾಯಿತು.

ಪುಣೆಗೂ ಅದರ ಪಾಲು ಬರುತ್ತಿದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಗೋಡೆಗಳನ್ನು ಕೆಡವಿ ಜೀವಗಳನ್ನು ಒಯ್ದಿತು. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಜನ ನಿದ್ದೆಯಿಂದೇಳುವಷ್ಟರಲ್ಲಿ ನೀರು ಮನೆಯೊಳಗಿತ್ತು; ಅದು ನಮ್ಮ ಮನೆಯಿಂದ ಹೊಳೆಯಾಚೆಗೆ. ಜಿಟಿಜಿಟಿ ಮಳೆಯ ಊರೆಂದು ನಾನು ಮರುಳಾದ ಪುಣೆಯಲ್ಲಿ ಈಗೀಗ ನಮ್ಮೂರ ಸಿಟ್ಟಿನ ಮಳೆಯೇ ಹೆಚ್ಚು ಕಾಣುತ್ತದೆ. ಹಳ್ಳಗಳ ಮೇಲೆ ಮನೆ ಕಟ್ಟಿದ್ದೇವೆ, ಹೊಳೆಯ ಮೈಯನ್ನು ಎರಡೂ ಕಡೆಯಿಂದ ಒತ್ತಿದ್ದೇವೆ. ಹವೆ ಬದಲಾಗಿದೆಯೆಂದು ಆಕಾಶವನ್ನು ದೂರುವುದು ಸುಲಭ. ನಿಂತ ನೆಲವನ್ನು ನಾವೇ ಬದಲಾಯಿಸಿದ್ದೂ ಅಷ್ಟೇ ನಿಜ.

ಹೊರನಾಡ ಕನ್ನಡಿಗರು ಸೇರಿದಾಗ ಊರು ದೂರವಾಯಿತೆಂಬ ಮಾತು ಬಂದೇ ಬರುತ್ತದೆ. ನಾನೂ ಬಹಳ ಸಲ ಆಡಿದ್ದೇನೆ. ಈಗ ಆಡುವುದಿಲ್ಲ. ನನ್ನ ಊರು ನನಗೆ ದೂರವಿಲ್ಲ, ಕೆಳಗಿದೆ, ಅಷ್ಟೆ. ನಾನು ನಲ್ಲಿ ತಿರುಗಿಸಿದರೂ ಬಚ್ಚಲಿಗೆ ಚೆಲ್ಲಿದರೂ ಅದರ ಲೆಕ್ಕ ಅಲ್ಲಿ ಹತ್ತುತ್ತದೆ. ಏಪ್ರಿಲಿನಲ್ಲಿ ನಮ್ಮ ಸೊಸೈಟಿಯ ಅಂಗಳವನ್ನು ಪೈಪಿನಿಂದ ತೊಳೆಯುವುದು ಬೇಡವೆಂದು ಸಭೆಯಲ್ಲಿ ನಾನು ಹಟ ಹಿಡಿದಾಗ ಕೆಲವರು ನಕ್ಕರು. ಕಾರಣ ಕೇಳಿದರು. ನನ್ನ ತಾಯಿ ಹೊಳೆಯ ಕೆಳಗಿದ್ದಾಳೆ ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ಪೈಪು ಮಾತ್ರ ನಿಂತಿತು.

ಈಗ ಖಡಕವಾಸಲಾದಿಂದ ಎಷ್ಟು ಕ್ಯೂಸೆಕ್ ಬಿಟ್ಟರೆಂಬುದು ಗಳಿಗೆಗೊಮ್ಮೆ ಮೊಬೈಲಿಗೆ ಬರುತ್ತದೆ. ಊರಿನಲ್ಲಿ ತಮ್ಮನ ಮಗನಿಗೂ ಬರುತ್ತದೆ. ಅವನು ನನಗಿಂತ ಮೊದಲೇ ಓದಿರುತ್ತಾನೆ. ಆದರೆ ಅವ್ವನಿಗೆ ಆ ಅಂಕಿಗಳ ಮೇಲೆ ನಂಬಿಕೆಯಿಲ್ಲ. "ನೀ ಕಣ್ಲೆ ನೋಡಿ ಹೇಳು" ಎನ್ನುತ್ತಾಳೆ. ಹೀಗಾಗಿ ನೀರು ಬಿಟ್ಟ ದಿನ ನಾನು ಕೊಡೆ ಹಿಡಿದು ರಾಜಾರಾಮ್ ಸೇತುವೆಗೆ ನಡೆಯುತ್ತೇನೆ. ಅಲ್ಲಿ ಆಗಲೇ ಹುಡುಗರು ಸೆಲ್ಫಿ ತೆಗೆಯುತ್ತಿರುತ್ತಾರೆ, ಜೋಳದ ತೆನೆ ಸುಡುವವನ ಗಾಡಿ ಬಂದಿರುತ್ತದೆ. ಕೆಳಗಡೆ ಭಿಡೆ ಸೇತುವೆ ಮುಳುಗಿತೆಂದು ಯಾರೋ ಸುದ್ದಿ ತರುತ್ತಾರೆ. ಕೆಂಪು ನೀರು ಕಂಬಗಳಿಗೆ ಸುತ್ತಿ ಮೂಡಣಕ್ಕೆ ಓಡುತ್ತಿರುತ್ತದೆ. ನಾನು ಕಂಬದ ಮೇಲಿನ ಗುರುತು ನೋಡಿ, ಊರಿಗೆ ಫೋನು ಹಚ್ಚುತ್ತೇನೆ.

"ನೀರು ಹೊಂಟದ, ಅವ್ವಾ."

"ಎಷ್ಟದ?"

"ಮೊನ್ನಿಗಿಂತ ಒಂದಾಳು ಮ್ಯಾಲ."

ಅವಳು ಮನಸ್ಸಿನಲ್ಲೇ ಏನೋ ಎಣಿಸುತ್ತಾಳೆ. ಆಮೇಲೆ ತಮ್ಮನನ್ನು ಕೂಗಿ, ಹೊಳೆದಂಡೆಯ ಪಂಪು ಬಿಚ್ಚಿ ಮೇಲೆ ತರಲು ಹೇಳುತ್ತಾಳೆ. ಅದು ಮುಗಿದ ಮೇಲೆಯೇ ಕೇಳುವುದು: "ಊಟಾ ಆಯ್ತೇನಪಾ?"